ಕೆಂಪೆಣ್ಣೆಯ ಲೆಕ್ಕ

ಎಣ್ಣೆ ಕಡಿಮೆಯಾದರೆ ಗಾಡಿ ಕೆಡುತ್ತದೆ ಅನ್ನುವುದು, ದಾವಣಗೆರೆಯಲ್ಲಿ ಅಪ್ಪ ಸ್ಕೂಟರಿನ ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ನೋಡುತ್ತಲೇ ಬೆಳೆದ ನನಗೆ ಚಿಕ್ಕಂದಿನಿಂದಲೂ ಗೊತ್ತು. ಹೆಚ್ಚಾದರೂ ಕೆಡುತ್ತದೆ, ಅದೂ ಕಡಿಮೆಯಾದಾಗ ತೋರಿಸುವ ಲಕ್ಷಣಗಳನ್ನೇ ತೋರಿಸಿ ಕೆಡುತ್ತದೆ ಅನ್ನುವುದು ತಿಳಿದದ್ದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್ ಊರಿನಲ್ಲಿ. ಆಗ ನನ್ನ ಹತ್ತಿರ 2003ರ ಕ್ಯಾಮ್ರಿ ಇತ್ತು. ನಾಲ್ಕು ಸಿಲಿಂಡರ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ, ಲಕ್ಷ ಮೈಲಿ ದಾಟಿಯೂ ಚೆನ್ನಾಗಿಯೇ ಓಡುತ್ತಿತ್ತು.

ಗೇರ್ ಬಾಕ್ಸಿನ ಎಣ್ಣೆಯನ್ನು ಅದಕ್ಕೆ ಮುಂಚೆ ಯಾರಾದರೂ ಬದಲಿಸಿದ್ದರೋ ಇಲ್ಲವೋ ತಿಳಿಯಲು ದಾರಿ ಇರಲಿಲ್ಲ. ಹಳೆಯ ಮಾಲೀಕರು ಕೊಟ್ಟ ಕಾಗದಗಳಲ್ಲಿ ಎಂಜಿನ್ ಆಯಿಲಿನ ಬಿಲ್ಲುಗಳಷ್ಟೇ ಇದ್ದವು. ಹಾಗಾಗಿ ಆಫೀಸಿನ ದಾರಿಯಲ್ಲಿದ್ದ ಒಂದು ಸರ್ವೀಸ್ ಅಂಗಡಿಗೆ ಬಿಟ್ಟು ಬದಲಾಯಿಸಿಕೊಂಡು ಬಂದೆ. ಮೊದಲೆರಡು ದಿನ ಏನೂ ಗೊತ್ತಾಗಲಿಲ್ಲ, ಚಳಿಗಾಲದ ಕೊನೆ, ಓಡಾಟ ಕಡಿಮೆ. ವಾರಾಂತ್ಯಕ್ಕೆ ಹೈವೇಯಲ್ಲಿ ಒಂದೂವರೆ ತಾಸು ಓಡಿಸಿ ಮನೆಗೆ ಬಂದು, ಗರಾಜಿನೊಳಗೆ ತಿರುಗಿಸಿ ನಿಲ್ಲಿಸಲು ರಿವರ್ಸ್ ಹಾಕಿದರೆ ಗಾಡಿ ಅಲ್ಲಾಡಲೇ ಇಲ್ಲ. ಒಂದೆರಡು ಕ್ಷಣ ಬಿಟ್ಟು ಧಡ್ ಅಂತ ಗೇರು ಬಿತ್ತು. ಒಳಗಿಂದ ಸಣ್ಣಗೆ ಕುಂಯ್‌ಗುಡುವ ಸದ್ದು. ಹೆಂಡತಿ ಬಾಗಿಲು ತೆಗೆದವಳೇ "ರೀ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದಳು. ಬೆಳಿಗ್ಗೆ ನೋಡಿದರೆ ಸಿಮೆಂಟ್ ನೆಲದ ಮೇಲೆ ಕೆಂಪು ಹನಿಗಳು.

ಆಟೊಮ್ಯಾಟಿಕ್ ಗೇರ್ ಬಾಕ್ಸ್ ಹೋಯಿತು ಅಂದರೆ ಅಂಥ ಹಳೆಯ ಗಾಡಿಯನ್ನು ಗುಜರಿಗೆ ಕಳಿಸಿದ ಹಾಗೆಯೇ. ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ. ಆ ವಾರ ನನಗೆ ನಿದ್ದೆ ಬರಲಿಲ್ಲ.

ಇಲ್ಲಿನ ಕನ್ನಡಿಗರ ಪಂಪ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕ ಕೂತವರು ಒಬ್ಬ ಹಿರಿಯರು. ತಿಪಟೂರು ಕಡೆಯವರು, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದಿ 1970ರ ದಶಕದಲ್ಲಿ ಇಲ್ಲಿಗೆ ಬಂದವರು. ಕೂಟದ ಹುಡುಗರೆಲ್ಲ ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದೆವು. ಅವರು ಕೆಲಸ ಮಾಡಿದ್ದು ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗದಲ್ಲಿ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯ ವಿಲ್ಲೋ ರನ್ ಕಾರ್ಖಾನೆಯಲ್ಲಿ. ನಾನು ಗೋಳು ಹೇಳಿ ಮುಗಿಸುವ ತನಕ ಒಬ್ಬಟ್ಟು ತಿನ್ನುತ್ತ ಸುಮ್ಮನೆ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಎಣ್ಣೆ ಹಾಕಿಸಿದ ಬಿಲ್ ಇದೆಯೇನಪ್ಪ?"

ಇತ್ತು. ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು. ಅದರಲ್ಲಿ 5 ಕ್ವಾರ್ಟ್ ಎಣ್ಣೆ ಎಂದು ಬರೆದಿತ್ತು. ಅಂಕಲ್ ಗಾಡಿಯ ಮ್ಯಾನ್ಯುಯಲ್ ತೆಗೆಸಿ ಹಿಂದಿನ ಪುಟಗಳನ್ನು ತಿರುವಿದರು. ಬಸಿದು ತುಂಬುವಾಗ ಬೇಕಾಗುವುದು 3.5 ಲೀಟರ್, ಅಂದರೆ 3.7 ಕ್ವಾರ್ಟ್. ಅಮೆರಿಕದ ಕ್ವಾರ್ಟ್ ಲೀಟರಿಗಿಂತ ಒಂದು ಚೂರು ಕಮ್ಮಿ, 946 ಮಿಲಿ. ಐದು ಕ್ವಾರ್ಟ್ ಅಂದರೆ 4.7 ಲೀಟರ್. ಮುಕ್ಕಾಲು ಪಾಲು ಹಣ ಕಳೆದುಕೊಂಡವನ ಮುಖ ಮಾಡಿಕೊಂಡು ಕೂತಿದ್ದ ನನಗೆ ಅವರು ಬೆರಳು ಮಡಚಿ ಲೆಕ್ಕ ತೋರಿಸಿದರು. "1.2 ಲೀಟರ್ ಜಾಸ್ತಿ ಇರಬಹುದು. ಇರಬಹುದು ಅಷ್ಟೇ. ಬಿಲ್ಲು ಬರೀ ಅನುಮಾನ ಕೊಡುತ್ತೆ. ಕಡ್ಡಿ ಹೇಳಬೇಕು. ನಾಳೆ ಗಾಡಿ ಮನೆಗೆ ತಗೊಂಡು ಬಾ, ಹೈವೇಗೆ ಹತ್ತಬೇಡ, ನಿಧಾನಕ್ಕೆ ಊರೊಳಗೇ ಬಾ."

ಡಿಪ್‌ಸ್ಟಿಕ್ಕನ್ನು ಅವರು ಯಾವಾಗಲೂ ಕಡ್ಡಿ ಎಂದೇ ಕರೆಯುತ್ತಿದ್ದರು. ಆ ಕಡ್ಡಿಯನ್ನು ನೋಡುವುದನ್ನು ಅವರು ಕಲಿಸಿದ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಡೀ ವಿದ್ಯೆ ಇರುವುದೇ ಅಲ್ಲಿ. ಎಂಜಿನ್ ಆಯಿಲಾದರೆ ಎಂಜಿನ್ ಆರಿಸಿ, ಎಣ್ಣೆ ಕೆಳಗಿಳಿದ ಮೇಲೆ ನೋಡುತ್ತೇವೆ. ಈ ಗಾಡಿಯ ಗೇರ್ ಬಾಕ್ಸಿಗೆ ಅದು ತಿರುಗುಮುರುಗು. ಎಂಜಿನ್ ಓಡುತ್ತಿರಬೇಕು, ನೆಲ ಸಮ ಇರಬೇಕು, ಎಣ್ಣೆ 70ರಿಂದ 80 ಡಿಗ್ರಿ ಸೆಲ್ಸಿಯಸ್ಸಿಗೆ ಬಂದಿರಬೇಕು. ಬ್ರೇಕ್ ಒತ್ತಿ ಹಿಡಿದು ಗೇರಿನ ಹಿಡಿಯನ್ನು 'ಪಿ'ಯಿಂದ 'ಎಲ್' ತನಕ ಒಂದೊಂದೇ ಮನೆ ಇಳಿಸಿ, ಮತ್ತೆ 'ಪಿ'ಗೆ ತಂದು, ಒಳಗಿನ ಎಲ್ಲ ಕಾಲುವೆಗಳೂ ತುಂಬಿಕೊಂಡ ಮೇಲೆ ಕಡ್ಡಿ ಎಳೆಯಬೇಕು. ಎಂಜಿನ್ ಆರಿಸಿದರೆ ಮೇಲಿನ ಎಣ್ಣೆ ಕೆಳಗಿಳಿದು ಮಟ್ಟ ಸುಳ್ಳು ಹೇಳುತ್ತದೆ.

ಕಡ್ಡಿಯ ತುದಿಯಲ್ಲಿ ಎರಡು ಜೊತೆ ಗೀಟುಗಳಿವೆ. ಕೆಳಗಿನ ಜೊತೆಗೆ 'ಕೂಲ್', ಮೇಲಿನದಕ್ಕೆ 'ಹಾಟ್' ಎಂದು ಕೆತ್ತಿರುತ್ತದೆ. ಎಣ್ಣೆ ಬಿಸಿಯಾದಂತೆ ಹಿಗ್ಗುತ್ತದೆ. 20 ಡಿಗ್ರಿಯಲ್ಲಿರುವ 8 ಲೀಟರ್ ಎಣ್ಣೆ 80 ಡಿಗ್ರಿಗೆ ಏರುವಾಗ ಹತ್ತಿರ ಹತ್ತಿರ 400 ಮಿಲಿ ಹೆಚ್ಚು ಜಾಗ ಕೇಳುತ್ತದೆ. ತಣ್ಣಗಿರುವಾಗಲೇ ಮೇಲಿನ ಗೀಟಿಗೆ ತುಂಬಿಬಿಟ್ಟರೆ, ಬಿಸಿಯಾದಾಗ ಅದು ಎಲ್ಲಿಗೆ ಹೋಗಬೇಕು? 'ಕೂಲ್' ಗೀಟು ಎಣ್ಣೆ ತುಂಬುವಾಗ ಒಂದು ಅಂದಾಜಿಗೆ ಮಾತ್ರ, ತೀರ್ಪು ಹೇಳುವುದು 'ಹಾಟ್' ಗೀಟು, ಅದೂ ಬಿಸಿಯಾದಾಗ.

ಮರುದಿನ ಅಂಕಲ್ ತಮ್ಮ ಗರಾಜಿನಲ್ಲಿ ಕಡ್ಡಿ ಎಳೆದು ಬಿಳಿ ಕಾಗದದಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆದರು. ಕಡ್ಡಿ ಇಳಿಯುವ ಕೊಳವೆಯ ಗೋಡೆಗೂ ಎಣ್ಣೆ ಅಂಟಿರುತ್ತದೆ, ಹಾಗಾಗಿ ಕಡ್ಡಿಯ ಒಂದು ಮುಖ ಮೇಲಿನ ತನಕ ಒದ್ದೆಯಾಗಿ ಬರುತ್ತದೆ. ಎರಡೂ ಮುಖ ನೋಡಿ, ಕಡಿಮೆ ತೋರಿಸುವುದನ್ನೇ ನಂಬಬೇಕು. ಆ ದಿನ ಎರಡೂ ಮುಖಗಳಲ್ಲಿ ಎಣ್ಣೆ 'ಹಾಟ್'ನ ಮೇಲು ಗೀಟನ್ನು ದಾಟಿ ಒಂದಂಗುಲ ಮೇಲಿತ್ತು. ಹೊಸ ಎಣ್ಣೆ, ಬಣ್ಣ ಒಳ್ಳೆಯ ಕೆಂಪೇ, ಆದರೆ ಆ ಕೆಂಪಿನ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಕಡ್ಡಿಯನ್ನು ಬೆಳಕಿಗೆ ಹಿಡಿದು ಅವರು ಗುಳ್ಳೆಗಳನ್ನು ತೋರಿಸಿದರು. "ಇದೇ ನೋಡು ನಿನ್ನ ಕಾಯಿಲೆ. ಗೇರ್ ಬಾಕ್ಸ್ ಹೋಗಿಲ್ಲ. ಅದಕ್ಕೆ ಉಸಿರು ಕಟ್ಟಿದೆ ಅಷ್ಟೇ."

ಅಲ್ಲಿ ನಿಂತೇ ಕಾರಣವನ್ನೂ ಹೇಳಿದರು. ಆಟೊಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಎಣ್ಣೆ ಬರೀ ನುಣುಪಿಗಾಗಿ ಇರುವುದಿಲ್ಲ, ಕೆಲಸ ಮಾಡುವುದೇ ಅದು. ಎಂಜಿನ್ನಿಗೂ ಗೇರಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ರೆಕ್ಕೆಗಳುಳ್ಳ ಎರಡು ಚಕ್ರಗಳು ಎದುರುಬದುರು ಇರುತ್ತವೆ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಎರಚಿ ಇನ್ನೊಂದನ್ನು ತಿರುಗಿಸುತ್ತದೆ. ಈ ಉಪಾಯ ಮೊದಲು ಹುಟ್ಟಿದ್ದು ಹಡಗುಗಳಿಗಾಗಿ, ಜರ್ಮನಿಯ ಹೆರ್ಮನ್ ಫಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು. ಕನ್ವರ್ಟರಿನ ಹಿಂದೆ ಕ್ಲಚ್ ಪ್ಲೇಟುಗಳ ಕಟ್ಟುಗಳಿವೆ. ಅವನ್ನು ಒತ್ತಿ ಹಿಡಿಯುವುದೂ ಪಂಪಿನಿಂದ ಬರುವ ಎಣ್ಣೆಯ ಒತ್ತಡವೇ. ಶಾಖವನ್ನು ರೇಡಿಯೇಟರಿಗೆ ಹೊತ್ತೊಯ್ಯುವುದೂ ಅದೇ ಎಣ್ಣೆ. ತಿರುಗುವ ಭಾಗಗಳೆಲ್ಲ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಇರುವ ಹಾಗೆ ಮಟ್ಟವನ್ನು ಗೊತ್ತು ಮಾಡಿರುತ್ತಾರೆ. ಮಟ್ಟ ಮೇಲೇರಿ ಅವು ಎಣ್ಣೆಯಲ್ಲಿ ಮುಳುಗಿದರೆ, ಕಡೆಗೋಲು ಮಜ್ಜಿಗೆಯಲ್ಲಿ ನೊರೆ ಎಬ್ಬಿಸಿದಂತೆ ಎಣ್ಣೆಯನ್ನು ಕಡೆಯುತ್ತವೆ. ನೊರೆಯೊಳಗೆ ಗಾಳಿ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪು ಒತ್ತಿದ ಬಲವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದಕ್ಕೇ ಹೋಗಿ, ಕ್ಲಚ್ಚು ಗಟ್ಟಿಯಾಗಿ ಹಿಡಿಯದೆ ಜಾರುತ್ತದೆ. ಜಾರಿದರೆ ಶಾಖ, ಶಾಖಕ್ಕೆ ಎಣ್ಣೆ ಇನ್ನಷ್ಟು ಹಿಗ್ಗುತ್ತದೆ, ಹಿಗ್ಗಿದರೆ ಇನ್ನಷ್ಟು ನೊರೆ. ಕೊನೆಗೆ ಜಾಗ ಸಾಲದೆ ಮೇಲಿನ ಬ್ರೀದರ್ ತೂತಿನಿಂದ ಹೊರಗೆ ಉಕ್ಕುತ್ತದೆ. ನಮ್ಮ ಗರಾಜಿನ ನೆಲದ ಹನಿಗಳು ಅಲ್ಲಿಂದ ಬಂದವು. ಎಣ್ಣೆ ಕಡಿಮೆಯಾದಾಗಲೂ ಪಂಪು ಗಾಳಿಯನ್ನೇ ಹೀರುತ್ತದೆ, ಆಗಲೂ ಇದೇ ಜಾರುವಿಕೆ, ಇದೇ ತಡ. ಅದಕ್ಕೇ ರಿವರ್ಸ್ ತಡವಾಗುತ್ತದೆ ಅಂದ ಕೂಡಲೇ ಎಣ್ಣೆ ಕಮ್ಮಿಯಿರಬೇಕು ಎಂದು ಇನ್ನೊಂದು ಬಾಟ್ಲಿ ಸುರಿಯುವವರಿದ್ದಾರೆ. ಕಡ್ಡಿ ನೋಡದೆ ಸುರಿಯುವುದಕ್ಕಿಂತ ದೊಡ್ಡ ಅಪಾಯ ಆ ಪೆಟ್ಟಿಗೆಗೆ ಇನ್ನೊಂದಿಲ್ಲ.

ಹೆಚ್ಚಾದದ್ದನ್ನು ತೆಗೆಯಲು ನಾನು ಜಾಕ್ ಹುಡುಕಲು ಹೊರಟರೆ ಅವರು ಬೇಡ ಅಂದರು. ಡ್ರೈನ್ ನಟ್ ಸಡಿಲಿಸಿ ಬೇಕಾದಷ್ಟೇ ಬಿಡುವುದು ಸುಲಭವಲ್ಲ, ಬಿಸಿ ಎಣ್ಣೆ ಧಾರೆಯಾಗಿ ಮೊಣಕೈ ತನಕ ಹರಿಯುತ್ತದೆ. ಅವರ ಹತ್ತಿರ ಒಂದು ಕೈಪಂಪು ಇತ್ತು. ಎಂಜಿನ್ ಆರಿಸಿ, ಅದರ ತೆಳು ಪ್ಲಾಸ್ಟಿಕ್ ಕೊಳವೆಯನ್ನು ಕಡ್ಡಿಯ ದಾರಿಯಲ್ಲೇ ಕೆಳಗಿಳಿಸಿದರೆ ಎಣ್ಣೆ ಎಳೆದುಕೊಳ್ಳಬಹುದು. ಎಳೆದದ್ದನ್ನು ಮಿಲಿಲೀಟರ್ ಗೆರೆಗಳಿರುವ ಪಾತ್ರೆಗೆ ಬಿಡಬೇಕು. ಅದಕ್ಕಿಂತ ಮುಂಚೆ ಗುಳ್ಳೆ ಆರಲು ಬಿಡಬೇಕು, ನೊರೆ ಇರುವಾಗ ಕಡ್ಡಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ತೆಗೆದರೆ ಆಮೇಲೆ ಕೊರತೆ ಬೀಳುತ್ತದೆ. ಗಾಡಿ ನಿಂತಿತು, ನಾವು ಒಳಗೆ ಹೋಗಿ ಕಾಫಿ ಕುಡಿದೆವು. ಆಂಟಿ ಚಕ್ಕುಲಿ ಕೊಟ್ಟರು.

ಅರ್ಧ ಲೀಟರ್ ಎಳೆದೆವು. ಎಂಜಿನ್ ಹಾಕಿ, ಗೇರುಗಳನ್ನೆಲ್ಲ ಇಳಿಸಿ ಏರಿಸಿ, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು ನೋಡಿದರೆ ಇನ್ನೂ ಮೇಲೆಯೇ. ಇನ್ನು ಸ್ವಲ್ಪ. ಮತ್ತೆ ಸುತ್ತು, ಮತ್ತೆ ಕಡ್ಡಿ. ಕಡೆ ಕಡೆಗೆ 100 ಮಿಲಿಗಿಂತ ಹೆಚ್ಚು ಎಳೆಯಲು ಅವರು ಬಿಡಲಿಲ್ಲ. ಸಂಜೆಯಾಗುವ ಹೊತ್ತಿಗೆ ಎಣ್ಣೆ 'ಹಾಟ್'ನ ಎರಡು ಗೀಟುಗಳ ನಡುವೆ, ಮೇಲಿನದಕ್ಕೆ ಸ್ವಲ್ಪ ಕೆಳಗೆ ಬಂದು ನಿಂತಿತ್ತು. ಪಾತ್ರೆಯಲ್ಲಿ ಒಟ್ಟು ಒಂದು ಲೀಟರಿಗೆ ಸ್ವಲ್ಪ ಹೆಚ್ಚು. ಬಿಲ್ಲಿನ 1.2 ಲೀಟರಿಗೂ ಇದಕ್ಕೂ ಇದ್ದ ವ್ಯತ್ಯಾಸ ಉಕ್ಕಿ ನೆಲಕ್ಕೆ ಬಿದ್ದದ್ದು. ರಿವರ್ಸ್ ಹಾಕಿದರೆ ಗಾಡಿ ಮೆತ್ತಗೆ ಹಿಂದೆ ಸರಿಯಿತು. ನನ್ನ ಭುಜದ ಮೇಲಿದ್ದ ಭಾರ ಇಳಿದದ್ದು ಆ ಸರಿತದಲ್ಲಿ. ಸೀಲುಗಳಿಗೆ ಏನಾದರೂ ಆಗಿರಬಹುದೇ ಎಂದು ಅಂಕಲ್ ಒಂದು ತಿಂಗಳು ಫೋನ್ ಮಾಡಿ ಕೇಳುತ್ತಿದ್ದರು. ಏನೂ ಆಗಿರಲಿಲ್ಲ.

ಅವರ ಬಾಯಲ್ಲಿ ವಿಲ್ಲೋ ರನ್ ಕಾರ್ಖಾನೆಯ ಕಥೆ ಕೇಳಿದ್ದೂ ಆಗಲೇ. ಜನಸಾಮಾನ್ಯರಿಗಾಗಿ ಸಾವಿರಗಟ್ಟಲೆ ತಯಾರಾದ ಮೊದಲ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಹೈಡ್ರಾಮ್ಯಾಟಿಕ್, 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಬಂತು. ಯುದ್ಧ ಬಂದಾಗ ಅದನ್ನೇ ಟ್ಯಾಂಕುಗಳಿಗೂ ಕೂರಿಸಿದರು. ಯುದ್ಧದ ನಂತರ ಅದನ್ನು ಮಾಡುತ್ತಿದ್ದದ್ದು ಲಿವೋನಿಯಾದಲ್ಲಿ, ನಾನು ದಿನಾ ಹಾದು ಹೋಗುವ ಊರು. 1953ರ ಆಗಸ್ಟ್ 12ರಂದು ಲೋಹ ಕತ್ತರಿಸುವ ಒಂದು ಟಾರ್ಚಿನ ಕಿಡಿ ಹಾರಿ ಇಡೀ ಕಾರ್ಖಾನೆ ಸುಟ್ಟು ಬೂದಿಯಾಯಿತು. ಜನರಲ್ ಮೋಟರ್ಸ್ ಆಗ ವಿಲ್ಲೋ ರನ್ ಕಟ್ಟಡವನ್ನು ಹಿಡಿದು ಕೆಲವೇ ವಾರಗಳಲ್ಲಿ ಕೆಲಸ ಮತ್ತೆ ಶುರು ಮಾಡಿತು. ಯುದ್ಧಕಾಲದಲ್ಲಿ ಫೋರ್ಡ್ ಕಂಪನಿ 8,000ಕ್ಕೂ ಹೆಚ್ಚು ಬಿ-24 ಬಾಂಬರ್ ವಿಮಾನಗಳನ್ನು ಮಾಡಿದ ಜಾಗ ಅದು. ಅಂಕಲ್ ಸೇರುವ ಹೊತ್ತಿಗೆ ಬೆಂಕಿ ಕಂಡ ಹಳಬರು ಇನ್ನೂ ಕೆಲಸದಲ್ಲಿದ್ದರಂತೆ. 2010ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೆ ಅವರು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದರು.

ಎಣ್ಣೆಗೂ ಒಂದು ಚರಿತ್ರೆ ಇದೆ, ನನಗೆ ಅದು ಗೇರ್ ಬಾಕ್ಸಿನ ಚರಿತ್ರೆಗಿಂತ ಹೆಚ್ಚು ಮನಸ್ಸಿಗೆ ತಟ್ಟಿತು. ಜನರಲ್ ಮೋಟರ್ಸ್ 1949ರಲ್ಲಿ 'ಟೈಪ್ ಎ' ಎಂಬ ಎಣ್ಣೆಯ ಅಳತೆಗೋಲನ್ನು ಗೊತ್ತುಮಾಡಿತು, 1967ರಲ್ಲಿ ಡೆಕ್ಸ್ರಾನ್ ಬಂತು. ಕ್ಲಚ್ ಪ್ಲೇಟುಗಳು ಜಗ್ಗದೆ, ನಡುಗದೆ ನಯವಾಗಿ ಹಿಡಿಯಲೆಂದು ಆ ಕಾಲದ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಆ ತಿಮಿಂಗಿಲ 1970ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿ ಅಮೆರಿಕದಲ್ಲಿ ಅದರ ಎಣ್ಣೆ ನಿಂತ ಮೇಲೆ, ರಸಾಯನ ತಜ್ಞರು ಬೇರೆ ದಾರಿ ಹುಡುಕಬೇಕಾಯಿತು. ಗೇರು ಮೆತ್ತಗೆ ಬೀಳಲಿ ಅನ್ನುವುದಕ್ಕಾಗಿ ಸಮುದ್ರದ ಅಷ್ಟು ದೊಡ್ಡ ಪ್ರಾಣಿಯನ್ನು ಕೊಲ್ಲುತ್ತಿದ್ದರೆಂದು ತಿಳಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಕೆಂಪು ಮಾತ್ರ ಎಣ್ಣೆಯ ಸ್ವಂತ ಬಣ್ಣವಲ್ಲ. ಸೋರಿದ್ದು ಎಂಜಿನ್ ಆಯಿಲೋ ಗೇರಿನದೋ ನೆಲದ ಮೇಲೆ ನೋಡಿದ ಕೂಡಲೇ ತಿಳಿಯಲೆಂದು ಹಾಕುವ ಬಣ್ಣ ಅದು. ನನ್ನ ಗರಾಜಿನಲ್ಲಿ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಆಮೇಲೆ ಆ ಗಾಡಿ ಇದ್ದಷ್ಟು ಕಾಲ ಗೇರಿನ ಎಣ್ಣೆಯನ್ನು ನಾನೇ ಬದಲಿಸಿದೆ. ಅಕ್ಟೋಬರ್ ಒಳ್ಳೆಯ ಕಾಲ, ಎಲೆ ಉದುರುತ್ತಿರುತ್ತದೆ, ಹಿಮ ಇನ್ನೂ ಬಂದಿರುವುದಿಲ್ಲ. ಮೊದಲ ಸಲ ಅಂಕಲ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಿದರೆ ಅವರು ಬೈಯುತ್ತಿದ್ದರು. ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಇನ್ನೊಂದು ಎಚ್ಚರ: ಕೆಲವು ಗಾಡಿಗಳಲ್ಲಿ ಎಂಜಿನ್ ಆಯಿಲಿನ ನಟ್ಟೂ ಗೇರ್ ಬಾಕ್ಸಿನ ನಟ್ಟೂ ಅಕ್ಕಪಕ್ಕ ಇರುತ್ತವೆ. ಗೇರಿನದನ್ನು ಬಿಚ್ಚಿ ಬಸಿದು ಎಂಜಿನ್ನಿಗೆ ಹೊಸ ಎಣ್ಣೆ ಸುರಿದರೆ ಒಂದು ಬರಿದು, ಇನ್ನೊಂದರಲ್ಲಿ ಎರಡರಷ್ಟು. ಹೊರಬರುವ ಎಣ್ಣೆಯ ಬಣ್ಣ ನೋಡದೆ ಮುಂದಿನ ಕೆಲಸಕ್ಕೆ ಹೋಗಬಾರದು.

ಈ ಗಾಡಿಗೆ ಬೇಕಾದದ್ದು 'ಟೈಪ್ ಟಿ-ಫೋರ್' ಎಣ್ಣೆ. ತಾವು ಜೀವಮಾನವೆಲ್ಲ ದುಡಿದ ಕಂಪನಿಯ ಡೆಕ್ಸ್ರಾನ್ ಇದಕ್ಕೆ ಹಾಕಬೇಡ ಎಂದು ಅಂಕಲ್ ಖಡಾಖಂಡಿತ ಹೇಳಿದ್ದರು. "ಕ್ಲಚ್ ಪ್ಲೇಟು ಯಾವ ಎಣ್ಣೆಗೆ ಮಾಡಿದ್ದಾರೋ ಅದನ್ನೇ ಹಾಕಬೇಕಪ್ಪ. ಅಭಿಮಾನ ಮನೇಲಿ ಇಟ್ಕೊ." ಬಸಿದಾಗ ಬರುವುದು ಒಟ್ಟು ಎಣ್ಣೆಯಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕನ್ವರ್ಟರಿನಲ್ಲಿ, ಕೂಲರಿನ ಕೊಳವೆಗಳಲ್ಲಿ ಉಳಿದುಬಿಡುತ್ತದೆ. ಹತ್ತರಲ್ಲಿ ನಾಲ್ಕು ಪಾಲು ಬದಲಾಗುತ್ತದೆ ಎಂದಿಟ್ಟುಕೊಂಡರೆ, ನಡುನಡುವೆ ಓಡಿಸಿ ಮೂರು ಸಲ ಬಸಿದು ತುಂಬಿದಾಗ ಹತ್ತಿರ ಹತ್ತಿರ ನೂರಕ್ಕೆ 78 ಭಾಗ ಹೊಸದಾಗುತ್ತದೆ. ಒಂದೇ ಏಟಿಗೆ ಯಂತ್ರದಿಂದ ತೊಳೆಸುವುದಕ್ಕಿಂತ ಈ ನಿಧಾನದ ದಾರಿ ಹಳೆಯ ಗೇರ್ ಬಾಕ್ಸಿಗೆ ಒಳ್ಳೆಯದು ಅನ್ನುವುದು ಅವರ ಅಭಿಪ್ರಾಯ, ಈಗ ನನ್ನದೂ ಹೌದು.

ಒಂದು ಸಲ ಗೇರ್ ಬಾಕ್ಸಿನ ಕೆಳಗಿನ ಎಣ್ಣೆಯ ಚೇಂಬರನ್ನೇ ಬಿಚ್ಚಿ ಫಿಲ್ಟರ್ ಬದಲಿಸಿದೆವು. ತಳದಲ್ಲಿ ಪುಟ್ಟ ಅಯಸ್ಕಾಂತಗಳು ಕೂತಿದ್ದವು, ಅವುಗಳ ಮೈಮೇಲೆ ಬೂದು ಬಣ್ಣದ ಮೆತ್ತನೆ ಲೇಪ. ನಾನು ಗಾಬರಿಯಾದೆ. ಅಂಕಲ್ ಎರಡು ಬೆರಳ ನಡುವೆ ಅದನ್ನು ತಿಕ್ಕಿ ನೋಡಿ, ಉಗುರಿಗೆ ಚುಚ್ಚುವ ಚೂರು ಒಂದೂ ಇಲ್ಲ ಎಂದು ತಲೆಯಾಡಿಸಿದರು. ನುಣ್ಣಗಿದ್ದರೆ ಸವೆತ, ಚುಚ್ಚಿದರೆ ಮುರಿತ.

ಆದರೆ ಅವರು ನನಗೆ ಕೊಟ್ಟ ಎಲ್ಲದಕ್ಕಿಂತ ದೊಡ್ಡ ಬುದ್ಧಿ ಎಂದರೆ ಬಂದಷ್ಟೇ ಹಾಕುವುದು. ಹೊರಗೆ ಬಂದ ಹಳೆಯ ಎಣ್ಣೆಯನ್ನು ಅಳೆದು, ಅಷ್ಟೇ ಹೊಸದನ್ನು ಹಾಕಿದರೆ ಮಟ್ಟ ಇದ್ದಲ್ಲೇ ಇರುತ್ತದೆ. ಬಸಿಯುವ ಮುಂಚೆ ಮಟ್ಟ ಸರಿಯಿತ್ತೇ ಎಂದು ಕಡ್ಡಿಯಲ್ಲಿ ನೋಡಿರಬೇಕು, ಇಲ್ಲದಿದ್ದರೆ ಹಳೆಯ ತಪ್ಪನ್ನೇ ಅಳೆದು ಹಾಕಿದ ಹಾಗೆ. ಬಿಸಿ ಎಣ್ಣೆಯನ್ನು ಬಂದ ಕೂಡಲೇ ಅಳೆಯಬಾರದು, ಹೊಸ ಬಾಟ್ಲಿಯ ಎಣ್ಣೆ ತಣ್ಣಗಿರುತ್ತದೆ, ಹಳೆಯದೂ ಅಷ್ಟೇ ತಣ್ಣಗಾದ ಮೇಲೆ ಅಳತೆ ಕೂಡುತ್ತದೆ. ಹಳೆಯದನ್ನು ಅದೇ ಹೊಸ ಬಾಟ್ಲಿಗಳಿಗೇ ತುಂಬಿಟ್ಟರೆ ಲೆಕ್ಕವೂ ಆಯಿತು, ಬಿಡಿಭಾಗದ ಅಂಗಡಿಯವರು ಹಳೆ ಎಣ್ಣೆ ವಾಪಸ್ ತೆಗೆದುಕೊಳ್ಳುವಾಗ ಕೊಡಲೂ ಸಲೀಸು. ಮೊದಲಿಗೆ ಮೂರೇ ಲೀಟರ್ ಹಾಕಿ, ಎಂಜಿನ್ ಹಾಕಿ, 'ಕೂಲ್' ಗೀಟು ನೋಡಿ, ಓಡಿಸಿ ಬಂದು 'ಹಾಟ್' ನೋಡಿ, ಕೊರತೆಯನ್ನು ಚೂರು ಚೂರಾಗಿ ತುಂಬಬೇಕು. ಉದ್ದ ಕತ್ತಿನ ಆಲಿಕೆಯಲ್ಲಿ ಹಾಕುವುದಕ್ಕೆ ಒಂದು ನಿಮಿಷ, ತೆಗೆಯುವುದಕ್ಕೆ ಒಂದು ಮಧ್ಯಾಹ್ನ.

ನನ್ನ ಈಗಿನ ಗಾಡಿಗೆ ಕಡ್ಡಿಯೇ ಇಲ್ಲ. ಬಾನೆಟ್ ಎತ್ತಿದರೆ ನೋಡಲು ಏನೂ ಸಿಗುವುದಿಲ್ಲ. ಗೇರ್ ಬಾಕ್ಸಿನ ತಳದಲ್ಲಿ, ಒಳಗೆ ಎದ್ದು ನಿಂತ ಒಂದು ಗಿಡ್ಡ ಕೊಳವೆ ಇದೆ, ಎಣ್ಣೆ ಗೊತ್ತುಮಾಡಿದ ಶಾಖಕ್ಕೆ ಬಂದಾಗ ಅಲ್ಲಿನ ಪ್ಲಗ್ ಬಿಚ್ಚಿದರೆ ಕೊಳವೆಯ ಬಾಯಿಗಿಂತ ಮೇಲಿರುವ ಎಣ್ಣೆ ತಾನೇ ಹರಿದು ಹೋಗುತ್ತದೆ. ಧಾರೆ ಹನಿಗೆ ಇಳಿದಾಗ ಪ್ಲಗ್ ಹಾಕಬೇಕು. ಹೆಚ್ಚಾಗುವ ಮಾತೇ ಇಲ್ಲ, ಎಂಜಿನಿಯರ್ ಆದವನು ಮೆಚ್ಚಲೇಬೇಕು ಎಂದು ಅಂಕಲ್ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಶಾಖ ಅಳೆಯುವ ಸಾಧನ ಬೇಕು, ಗಾಡಿಯನ್ನು ನಾಲ್ಕೂ ಚಕ್ರ ಸಮನಾಗಿ ಎತ್ತಬೇಕು. ಮನೆಯವನು ಭಾನುವಾರ ಬೆಳಿಗ್ಗೆ ಕಡ್ಡಿ ಎಳೆದು ಬಣ್ಣ ನೋಡಿ, ಮೂಸಿ, ಗಾಡಿಯ ಆರೋಗ್ಯ ತಿಳಿಯುವ ದಾರಿಯನ್ನೇ ಮುಚ್ಚಿದ್ದಾರೆ. ಅದರ ಮೇಲೆ ಈ ಎಣ್ಣೆ ಗಾಡಿಯ ಜೀವಮಾನಕ್ಕೂ ಸಾಕು ಅನ್ನುವ ಮಾತು ಬೇರೆ. ಶಾಖ ತಿಂದ ಎಣ್ಣೆ ಕಂದಾಗುತ್ತದೆ, ಅದನ್ನು ನನ್ನ ಕಣ್ಣಾರೆ ಬಿಳಿ ಕಾಗದದ ಮೇಲೆ ನೋಡಿದ್ದೇನೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಇವತ್ತಿನ ತನಕ ರಾಜಿಯಾಗಿಲ್ಲ.

ಮೊನ್ನೆ ತಮ್ಮ ದಾವಣಗೆರೆಯಿಂದ ಫೋನ್ ಮಾಡಿದ್ದ. ಕ್ಲಚ್ ತುಳಿಯುವ ಕಾಟ ಬೇಡ ಅಂತ ಎ.ಎಂ.ಟಿ. ಗಾಡಿ ಕೊಂಡಿದ್ದಾನೆ. ಆಟೊಮ್ಯಾಟಿಕ್ ಅಂದಮೇಲೆ ಕೆಂಪು ಎಣ್ಣೆ ಹಾಕಿಸಬೇಕು ಎಂದು ಯಾರೋ ಹೇಳಿದ್ದಾರೆ.

"ಅಣ್ಣಾ, ಎಷ್ಟು ಲೀಟರ್ ತರಲಿ?"

"ಏನೂ ತರಬೇಡ," ಅಂದೆ. "ನಿನ್ನದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ ಕಣೋ. ಅದು ಮಾಮೂಲಿ ಗೇರ್ ಬಾಕ್ಸೇ, ನಿನ್ನ ಕಾಲಿನ ಕೆಲಸವನ್ನ ಒಂದು ಯಂತ್ರ ಮಾಡುತ್ತೆ ಅಷ್ಟೇ. ಅದಕ್ಕೆ ಗೇರ್ ಆಯಿಲ್ಲೇ ಹಾಕೋದು. ಮ್ಯಾನ್ಯುಯಲ್ ಹಿಂದಿನ ಪುಟದಲ್ಲಿ ಯಾವ ಎಣ್ಣೆ, ಎಷ್ಟು ಅಂತ ಇರುತ್ತೆ, ಫೋಟೊ ತೆಗೆದು ಕಳಿಸು. ಅಲ್ಲೀ ತನಕ ಯಾರಿಗೂ ನಟ್ಟು ಬಿಚ್ಚೋಕೆ ಬಿಡಬೇಡ."